ಕಿಟಕಿ ಪಕ್ಕದ ಬಾಟಲಿ ಯಾಕೆ ಹಸಿರಾಯಿತು?

ಪ್ರಶ್ನೆ: ಸರ್, ಎಂ.ಎಸ್ಸಿ. ಪ್ರಾಜೆಕ್ಟಿಗೆ ಸಿಲ್ವರ್ ನೈಟ್ರೇಟ್, ಸಿಟ್ರೇಟ್ ಹಾಕಿ ಬೆಳ್ಳಿಯ ನ್ಯಾನೋ ದ್ರಾವಣ ಮಾಡಿದೆ. ಎರಡು ಬಾಟಲಿ, ಎರಡೂ ಹಳದಿ. ಕಪಾಟಿನಲ್ಲಿಟ್ಟಿದ್ದು ಹಾಗೇ ಇದೆ. ಕಿಟಕಿ ಪಕ್ಕದ್ದು ವಾರದಲ್ಲಿ ಹಸಿರಾಗಿದೆ. ಕೆಟ್ಟುಹೋಯಿತಾ? ಚೆಲ್ಲಿಬಿಡಲಾ?
– ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಚೆಲ್ಲಬೇಡವ್ವಾ! ನಿನ್ನ ಬಾಟಲಿಯಲ್ಲಿ ದುಂಡಗಿನ ಕಣಗಳು ತ್ರಿಕೋನವಾಗುತ್ತಿರಬೇಕು. ಎಷ್ಟು ಖುಷಿಯಾಯಿತು ಗೊತ್ತಾ, ನಿನ್ನ ಪತ್ರ ಓದಿ.

ಲೋಹದ ಬಣ್ಣ ಕಣದ ಅಳತೆ, ಆಕಾರ ಎರಡರ ಮೇಲೂ ನಿಂತಿದೆ. ನಮ್ಮ ಹಟ್ಟಿ ಗಣಿಯ ಚಿನ್ನ ಹಳದಿ ಅಲ್ವಾ? ಅದೇ ಚಿನ್ನ 15 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಕಣವಾಗಿ ನೀರಿನಲ್ಲಿದ್ದರೆ ಕೆಂಪು. ಬೆಳ್ಳಿಯ ಸಣ್ಣ ಗುಂಡು ಹಳದಿ, ಚಪ್ಪಟೆ ತ್ರಿಕೋನ ನೀಲಿ. ಎರಡೂ ಬೆರೆತಿರುವಾಗ ಹಸಿರು. 2001ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ ಇದನ್ನು ಬರೀ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಾಡಿ ತೋರಿಸಿತು.

ಆಗುವುದೇನೆಂದರೆ, ಗಾಳಿಯ ಆಕ್ಸಿಜನ್ ಸಣ್ಣ ಗುಂಡುಗಳನ್ನು ಕರಗಿಸುತ್ತಾ ಬರುತ್ತದೆ. ಬೆಳ್ಳಿ ಅಯಾನಾಗಿ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಾಗಿ, ನೀರಿಗಿಳಿಯುತ್ತದೆ. ಬೆಳಕು ಬಿದ್ದ ಕಣಕ್ಕೆ ಸಿಟ್ರೇಟ್ ಎಲೆಕ್ಟ್ರಾನ್ ಕೊಡುತ್ತದೆ, ಆ ಅಯಾನು ಅಲ್ಲಿ ಹೋಗಿ ಮತ್ತೆ ಬೆಳ್ಳಿಯಾಗಿ ಕೂರುತ್ತದೆ. ಎಲ್ಲಿ ಕೂರುತ್ತದೆ ಅನ್ನುವುದೇ ಸ್ವಾರಸ್ಯ. ಅಗಲವಾದ ಮೈಯನ್ನು ಸಿಟ್ರೇಟ್ ಮುಚ್ಚಿಕೊಂಡಿರುತ್ತದೆ. ಉಳಿದದ್ದು ಅಂಚು. ತಟ್ಟುವಾಗ ಜೋಳದ ರೊಟ್ಟಿ ಅಂಚಿನಲ್ಲೇ ಹಿಗ್ಗುತ್ತದಲ್ಲ, ಹಾಗೆ ಬೆಳೆಯುತ್ತದೆ. ಈ ರೊಟ್ಟಿಗೆ ಮಾತ್ರ ಮೂರು ಮೂಲೆ.

ಆ ಮೂಲೆಗಳೇ ನಾಜೂಕು. ಅಲ್ಲಿನ ಪರಮಾಣುಗಳಿಗೆ ಅಕ್ಕಪಕ್ಕ ಹಿಡಿದುಕೊಳ್ಳುವವರು ಕಡಿಮೆ, ಅದಕ್ಕೇ ಮೊದಲು ಕಳಚುವುದು ಅವೇ. ಒಂಚೂರು ಉಪ್ಪು ಬಿದ್ದರೂ ಕ್ಲೋರೈಡ್ ಮೂಲೆ ತಿಂದು ಮತ್ತೆ ದುಂಡಗೆ ಮಾಡುತ್ತದೆ.

ಉಪ್ಪಿನ ಪೆಟ್ಟು ನಾನೂ ತಿಂದಿದ್ದೇನೆ. ರಾಯಚೂರಿನಲ್ಲಿ ಪಾಠ ಮಾಡುತ್ತಿದ್ದಾಗ ಚಿನ್ನದ ದ್ರಾವಣ ಕುದಿಸಿದ್ದೆವು. ದಾಳಿಂಬೆ ರಸದಂಥ ಕೆಂಪು. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು, ಬಾಟಲಿಯನ್ನು ಬೋರ್‌ವೆಲ್ ನೀರಿನಲ್ಲೇ ತೊಳೆದು ಹಾಗೇ ಸುರಿದೆವು. ತಳದಲ್ಲಿ ಉಳಿದಿದ್ದ ಸವಳು ನೀರಿಗೆ ತಾಗಿದ್ದೇ ತಡ, ಕೆಂಪು ನೀಲಿಯಾಯಿತು. ಮರುದಿನ ತಳದಲ್ಲಿ ಕಪ್ಪು ಪುಡಿ, ಮೇಲೆ ತಿಳಿನೀರು. ಅದು ಆಕಾರ ಬದಲಾದದ್ದಲ್ಲ, ಕಣಗಳು ಒಂದಕ್ಕೊಂದು ಅಂಟಿಕೊಂಡದ್ದು.

ನೀನೂ ಅದನ್ನೇ ಮೊದಲು ನೋಡು. ಹಸಿರು ಬಾಟಲಿಯ ಹಿಂದೆ ಬಿಳಿ ಹಾಳೆ ಹಿಡಿ. ತಳದಲ್ಲಿ ಗಸಿ ಇಲ್ಲದೆ ತಿಳಿಯಾಗಿದ್ದರೆ ಒಳ್ಳೆಯ ಲಕ್ಷಣ. ಖಚಿತವಾಗಬೇಕಾದರೆ ಯುವಿ-ವಿಸಿಬಲ್ ಸ್ಪೆಕ್ಟ್ರಮ್ ತೆಗೆಸು, ಅಂದರೆ ದ್ರಾವಣ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ನಕ್ಷೆ. ಬೆಳಕಿನ ತರಂಗಾಂತರ 400 ನ್ಯಾನೋಮೀಟರ್ ಹತ್ತಿರದ ಶಿಖರ ಕುಗ್ಗಿ, 600 ದಾಟಿ ಹೊಸದೊಂದು ಎದ್ದಿದೆಯಾ ನೋಡು. ಕಪಾಟಿನ ಹಳದಿಯಲ್ಲಿ ಅರ್ಧ ತೆಗೆದು ಇವತ್ತೇ ಕಿಟಕಿಗಿಡು. ತಾರೀಖು ಬರೆದು ದಿನಾ ಸಂಜೆ ಬಣ್ಣ ಗುರುತು ಮಾಡಿಕೋ. ಬಾಟಲಿ ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲೇ ತೊಳಿ.