ಮೊಟ್ಟೆಯಿಂದ ಹೊರಬಂದ ಕಾರ್ನ್ ಸ್ನೇಕ್ ಮರಿ ಒಂದು ವಾರವಾದರೂ ಏಕೆ ತಿನ್ನುತ್ತಿಲ್ಲ?

ಹಸಿವಿಲ್ಲ, ಅಷ್ಟೇ. ಅಮೆರಿಕ ಮೂಲದ ಈ ಹಾವಿನ ಮರಿ ಹೊರಬರುವ ಮೊದಲೇ ಮೊಟ್ಟೆಯ ಹಳದಿ ಭಾಗವನ್ನು ಹೊಟ್ಟೆಯೊಳಗೆ ಸೆಳೆದುಕೊಂಡಿರುತ್ತದೆ. ಮೊದಲ ಪೊರೆ ಕಳಚುವವರೆಗೆ, ಅಂದರೆ ಸುಮಾರು 7–10 ದಿನ, ಆ ಬುತ್ತಿಯೇ ಸಾಕು. ಪೊರೆ ಬಿಟ್ಟ ಮೇಲೆ ಕೂದಲು ಮೂಡದ ಇಲಿಮರಿಯನ್ನು (ಹೆಪ್ಪುಗಟ್ಟಿಸಿದ್ದನ್ನು ಕರಗಿಸಿ, ಬೆಚ್ಚಗೆ ಮಾಡಿ) ಐದಾರು ದಿನಕ್ಕೊಂದರಂತೆ ಕೊಡಿ. ತಿಂದ ನಂತರ ಎರಡು ದಿನ ಕೈಗೆತ್ತಿಕೊಳ್ಳಬೇಡಿ, ಕಕ್ಕಿಬಿಡಬಹುದು.

ದೊಡ್ಡ ಗಾಜಿನ ಪೆಟ್ಟಿಗೆಯ ಆಸೆ ಸದ್ಯಕ್ಕೆ ಬೇಡ. ವಿಶಾಲ ಬಯಲು ಜಾಗದಲ್ಲಿ ಮರಿ ಬೆದರುತ್ತದೆ, ಬೆದರಿದ ಮರಿ ತಿನ್ನುವುದಿಲ್ಲ. ಗಾಳಿರಂಧ್ರಗಳಿರುವ, ಮುಚ್ಚಳ ಭದ್ರವಾದ ಚಿಕ್ಕ ಡಬ್ಬಿ, ಎರಡು ಅಡಗುತಾಣ, ನೀರಿನ ಬಟ್ಟಲು ಸಾಕು. ಒಂದು ಬದಿ 28–30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಲಿ, ಇನ್ನೊಂದು ತಂಪಾಗಿರಲಿ. ಡಬ್ಬಿಗೊಂದೇ ಮರಿ, ಜೊತೆಗಿಟ್ಟರೆ ಒಂದನ್ನೊಂದು ನುಂಗುವುದೂ ಉಂಟು.