ಶಾಲೆ ಪುಟವೋ, ಶಾಲು ಪುಟವೋ?

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಕಾಗದ ಉದ್ದ ಇದೆ, ಮುಖ್ಯ ಮಾತು ಇಷ್ಟು: “ನಿಮ್ಮ ‘ಶಾಲೆ ಪುಟ’ ತಪ್ಪದೆ ನೋಡುತ್ತೇನೆ. ಹಿಂದಿನ ನಾಲ್ಕು ಸಂಚಿಕೆ ಎಣಿಸಿದೆ. ಒಟ್ಟು 31 ಫೋಟೊ. 26ರಲ್ಲಿ ಯಾರೋ ಯಾರಿಗೋ ಶಾಲು ಹೊದಿಸುತ್ತಿದ್ದಾರೆ. ಮಕ್ಕಳಿದ್ದರೆ ಹೂವಿನ ತಟ್ಟೆ ಹಿಡಿದು ಮೂಲೆಯಲ್ಲಿ. ಇದಕ್ಕೆ ಶಾಲು ಪುಟ ಅಂತ ಹೆಸರಿಡಿ. ನಾನು ನಮ್ಮೂರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನಮ್ಮ ಸಾಲಿ ಸುದ್ದಿ ಮೂರು ಸಲ ಕಳಿಸಿದೆ. ಒಂದೂ ಬರಲಿಲ್ಲ. ನಮ್ಮಲ್ಲಿ ಶಾಲು ಇಲ್ಲ ಅಂತಾನಾ? ಇನ್ನೊಂದು. ತಂದೆ-ತಾಯಿ ಗುಳೆ ಹೋದ ಮಕ್ಕಳನ್ನು ಅಜ್ಜಿಯರು ಸಾಕುತ್ತಿದ್ದಾರೆ. ಅಜ್ಜಿ ಎಸ್‌ಡಿಎಂಸಿಗೆ ಬರಬಹುದಾ? ಮತ್ತೆ, ಸಾಲಿಗೆ ಬರದ ಮಾಸ್ತರರ ಹೆಸರು ಕೊಟ್ಟರೆ ಹಾಕುತ್ತೀರಾ?”

ತಾಯಿ, ನಮಸ್ಕಾರ.

ನಿಮ್ಮ ಲೆಕ್ಕ ಒಂದು ತಪ್ಪಿದೆ. ಶಾಲಿನ ಫೋಟೊ 26 ಅಲ್ಲ, 27. ಕಾಗದ ಬಂದ ದಿನ ನಾನೂ ಹಳೇ ಸಂಚಿಕೆ ಹರವಿಕೊಂಡು ಕೂತೆ. ಒಂದರಲ್ಲಿ ಶಾಲು ಮತ್ತು ಎರಡು ಕೈ ಮಾತ್ರ ಇದೆ, ಮುಖಗಳೆಲ್ಲ ಕತ್ತರಿಸಿಹೋಗಿವೆ. ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ನಿಮ್ಮ ಮೂರೂ ಚೀಟಿ ಸಿಕ್ಕಿವೆ. ಎಲ್ಲೂ ಕಳೆದಿರಲಿಲ್ಲ. ‘ನೋಡೋಣ’ ಅಂತ ನಾನೇ ಬರೆದಿಟ್ಟ ಒಂದು ಫೈಲಿನಲ್ಲಿದ್ದವು. ಆ ಫೈಲಿಗೆ ಹೋದದ್ದು ಹೊರಗೆ ಬಂದ ನೆನಪು ನನಗಿಲ್ಲ. ಫೋಟೊ ಇರಲಿಲ್ಲ, ಗಣ್ಯರ ಹೆಸರಿರಲಿಲ್ಲ, ಎರಡನೇ ಚೀಟಿಯಲ್ಲಂತೂ ಬಹುಪಾಲು ಮಕ್ಕಳ ಲೆಕ್ಕ. ಪುಟ ಕಟ್ಟುವ ಹುಡುಗ “ಇದರಲ್ಲಿ ಸುದ್ದಿ ಏನೈತ್ರಿ ಸರ್?” ಅಂದ. ನಾನೂ ಹೂಂ ಅಂದುಬಿಟ್ಟೆ.

ಶಾಲಿನ ವಿಷಯಕ್ಕೆ ಬರುತ್ತೇನೆ. ಮೊದಲು ದುಡ್ಡಿನ ಮಾತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಗುರುವಂದನೆ, ನಿವೃತ್ತಿ ಬೀಳ್ಕೊಡುಗೆ, ಹಳೇ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ ಅಂದರೆ ಆ ಬ್ಯಾಚಿನವರು ಇಪ್ಪತ್ತು ಮೂವತ್ತು ಪ್ರತಿ ಕೊಳ್ಳುತ್ತಾರೆ. ಕಟ್ಟು ಹಾಕಿಸಿಕೊಳ್ಳುತ್ತಾರೆ. ನಮ್ಮಂಥ ಸಣ್ಣ ಪತ್ರಿಕೆಗೆ ಅದು ಒಂದು ತಿಂಗಳ ಕಾಗದದ ಖರ್ಚು. ಅದೂ ಅಲ್ಲದೆ, ಮೂವತ್ತು ವರ್ಷ ಸೈಕಲ್ ತುಳಿದು ಪಾಠ ಹೇಳಿದ ಮಾಸ್ತರರಿಗೆ ಹಳೇ ಹುಡುಗರು ಒಂದು ಶಾಲು ಹೊದಿಸಿದರೆ ನನಗೇನೂ ಬೇಜಾರಿಲ್ಲ. ಹೊದಿಸಲಿ.

ಇನ್ನೊಂದು ಕಾರಣ ಇದೆ, ಅದನ್ನು ಹೇಳಬೇಕು. ಕೆಲವು ವರ್ಷದ ಹಿಂದೆ ಒಬ್ಬ ಮಾಸ್ತರರು ತಮ್ಮ ಶಾಲೆಯ ಫೋಟೊ ಕಳಿಸಿದ್ದರು. ಮಳೆಗಾಲ. ಮೂರನೇ ತರಗತಿ ಕೋಣೆಯಲ್ಲಿ ಚಾವಣಿಯ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ದರು, ಬಕೆಟ್ಟಿನ ಸುತ್ತ ಮಕ್ಕಳು ಗುಂಡಗೆ ಕೂತಿದ್ದರು. ನಾವು ಖುಷಿಯಿಂದ ಅರ್ಧ ಪುಟ ಹಾಕಿದೆವು. ಚಾವಣಿ ರಿಪೇರಿ ಆಯಿತು ಅಂದುಕೊಂಡಿರಾ? ಮೊದಲು ಬಂದದ್ದು ಮಾಸ್ತರರಿಗೆ ನೋಟಿಸ್. ಅನುಮತಿ ಇಲ್ಲದೆ ಫೋಟೊ ಹೊರಗೆ ಹೇಗೆ ಹೋಯಿತು ಅಂತ. ಅವರು ಮೂರು ಸಲ ಆಫೀಸಿಗೆ ಅಲೆದರು. ಆಮೇಲೆ ನಮಗೆ ಒಂದು ಸಾಲು ಮೆಸೇಜ್ ಹಾಕಿದರು: “ಸರ್, ಇನ್ನು ಮೇಲೆ ಕಾರ್ಯಕ್ರಮದ ಫೋಟೊ ಮಾತ್ರ ಕಳಿಸುವೆ.” ಅಂದಿನಿಂದ ಹಾಗೇ ನಡೆಸಿದ್ದಾರೆ.

ಶಾಲು ಹೊದಿಸಿದ ಫೋಟೊಗೆ ಯಾರೂ ನೋಟಿಸ್ ಕೊಡಲ್ಲ. ನಮ್ಮ ಪುಟ ಹೀಗಾಗಿದ್ದು ಅದಕ್ಕೆ. ಸುದ್ದಿ ಕಳಿಸುವವರೆಲ್ಲ ಮಾಸ್ತರರು, ಅಕ್ಕೋರು, ಶಾಲೆಗಳ ಮೇಲ್ವಿಚಾರಣೆಗೆ ಬರುವ ಸಿಆರ್‌ಪಿಗಳು. ಅವರು ನೌಕರಿ ಮಾಡುವವರು. ಅವರಿಗೆ ಅಪಾಯವಿಲ್ಲದ ಸುದ್ದಿ ಮಾತ್ರ ನಮಗೆ ಬರುತ್ತದೆ. ಅದರಲ್ಲೂ ನಮ್ಮ ಕಡೆ ಧ್ವಜಾರೋಹಣ ಒಂದು ಜಾಸ್ತಿ, ಅಲ್ವಾ? ಬೇರೆ ಕಡೆಯವರಿಗೆ ಆಗಸ್ಟ್ 15 ಮುಗಿದರೆ ನವೆಂಬರ್ 1. ನಮಗೆ ನಡುವೆ ಸೆಪ್ಟೆಂಬರ್ 17 ಇದೆ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದದ್ದು ರಾಯಚೂರು, ಕೊಪ್ಪಳಕ್ಕೆ. ಬಳ್ಳಾರಿ ಆಗ ಮದ್ರಾಸಿನ ಕೆಳಗಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆದರೂ ಈಗ ಕಲ್ಯಾಣ ಕರ್ನಾಟಕ ಅಂತ ಅಲ್ಲಿಯ ಶಾಲೆಗಳೂ ಬಾವುಟ ಹಾರಿಸುತ್ತವೆ. ಆ ವಾರ ನನ್ನ ಫೋನು ಬಿಸಿಯಾಗಿ ಕೈಯಲ್ಲಿ ಹಿಡಿಯೋಕಾಗಲ್ಲ.

2024ರ ಆಗಸ್ಟ್ ತಿಂಗಳದು ಹೇಳಿದರೆ ನಿಮಗೆ ನಗು ಬರಬಹುದು. 10ನೇ ತಾರೀಕು ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಡ್ಯಾಮಿನ ನೀರು ಹೊಳೆಗೆ ಹರಿದು ಹೋಗುತ್ತಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿಗೆ ನಿದ್ದೆ ಇರಲಿಲ್ಲ. ನಿಮ್ಮ ಕಡೆಯಿಂದಲೂ ನಾಟಿ ಕೂಲಿಗೆ ಅಲ್ಲಿಗೇ ಹೋಗುತ್ತಾರೆ. ನೀರು ಹೋದರೆ ನಾಟಿ ಇಲ್ಲ, ನಾಟಿ ಇಲ್ಲದಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಮನೆಗೆ ಬೀಗ, ಶಾಲೆಯಲ್ಲಿ ಎರಡು ಜಾಗ ಖಾಲಿ. ಆ ತಿಂಗಳ ನಮ್ಮ ಶಾಲೆ ಪುಟ ತೆಗೆದು ನೋಡಿದೆ. ಒಂಬತ್ತು ಫೋಟೊ, ಒಂಬತ್ತರಲ್ಲೂ ಬಾವುಟ.

ಈಗ ನಿಮಗೆ ಹೇಳದೆ ಮಾಡಿದ ಒಂದು ಕೆಲಸ. ಹೋದ ವಾರ ನಿಮ್ಮೂರಿಗೆ ಬಂದಿದ್ದೆ. ನೀವು ಹೊಲಕ್ಕೆ ಹೋಗಿದ್ದಿರಂತೆ. ಸುಮ್ನೆ ನೋಡಿಕೊಂಡು ಹೋಗೋಣ ಅಂತ ಬೆಳಿಗ್ಗೆ ಶಾಲೆ ಗೇಟಿನ ಎದುರು, ಚಹಾ ಅಂಗಡಿ ಕಟ್ಟೆ ಮೇಲೆ ಕೂತೆ. ಒಗ್ಗರಣೆ, ಮಿರ್ಚಿ ತಿಂದೆ. ಮಿರ್ಚಿ ಚೆನ್ನಾಗಿತ್ತು.

ಪ್ರಾರ್ಥನೆ ಗಂಟೆ ಹೊಡೆಯಿತು. ಒಬ್ಬಳು ಅಜ್ಜಿ ಮೊಮ್ಮಗನನ್ನು ರಟ್ಟೆ ಹಿಡಿದು ತಂದು ಒಳಗೆ ಬಿಟ್ಟಳು. ಬಿಟ್ಟ ಮೇಲೆ ಹೋಗಲಿಲ್ಲ. ಕಾಂಪೌಂಡಿನ ಹೊರಗೆ ನಿಂತು ಸೊಂಟದ ಚೀಲದಿಂದ ಬಟನ್ ಫೋನು ತೆಗೆದಳು. ಕಿವಿಗಿಟ್ಟುಕೊಂಡು “ಕೇಳಸ್ತದೇನು? ತಡಿ” ಅಂದಳು. ಫೋನನ್ನು ಗೋಡೆಯ ಮೇಲೆ ಎತ್ತಿ ಮಕ್ಕಳ ಕಡೆಗೆ ಹಿಡಿದಳು. ಒಳಗೆ ನಾಡಗೀತೆ ಶುರುವಾಗಿತ್ತು. ಕೈ ನೋಯುತ್ತಿತ್ತೇನೋ, ನಡುವೆ ಎಡಗೈಗೆ ಬದಲಾಯಿಸಿದಳು. ನಾಡಗೀತೆ ಮುಗಿಯುವವರೆಗೆ ಹಾಗೇ ಹಿಡಿದಿದ್ದಳು. ಆಮೇಲೆ ಫೋನಿಗೆ “ಬಂದಾನ, ನಿಂತಾನ, ಅಂಗಿ ಗುಂಡಿ ಹಾಕೀನಿ” ಅಂತ ಹೇಳಿ ಇಟ್ಟಳು. ಚಹಾ ಅಂಗಡಿಯವರನ್ನು ಕೇಳಿದೆ. ಹುಡುಗನ ತಾಯಿ ಮಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾಳಂತೆ. ಮಗ ಶಾಲೆಗೆ ಹೋದ ಅಂತ ಬಾಯಿಮಾತು ನಂಬುವುದಿಲ್ಲವಂತೆ. ದಿನಾ ಹಾಡು ಕೇಳಿಸಬೇಕು.

ಇಪ್ಪತ್ತೈದು ವರ್ಷದಿಂದ ಪತ್ರಿಕೆ ಮಾಡುತ್ತಿದ್ದೇನೆ. ಇದನ್ನು ಯಾರೂ ನನಗೆ ಕಳಿಸಿರಲಿಲ್ಲ. ತಪ್ಪು, ನೀವು ಕಳಿಸಿದ್ದಿರಿ. ನಿಮ್ಮ ಮೂರನೇ ಚೀಟಿಯಲ್ಲಿ “ಅಜ್ಜಿಯರು ಮುಂಜಾನೆ ಗೋಡೆ ಹತ್ತಿರ ನಿಲ್ಲುತ್ತಾರೆ” ಅಂತ ಒಂದು ಸಾಲಿದೆ. ಓದಿದಾಗ ನನಗೆ ಏನೂ ಅರ್ಥವಾಗಿರಲಿಲ್ಲ.

ಆಮೇಲೆ ಒಳಗೆ ಹೋದೆ. ವರಾಂಡದ ಕರಿಹಲಗೆಯಲ್ಲಿ ತರಗತಿವಾರು ದಾಖಲು, ಹಾಜರು, ಊಟಕ್ಕೆ ಎಷ್ಟು ಅಂತ ಬರೆದಿತ್ತು. ನಿಮ್ಮ ಎರಡನೇ ಚೀಟಿಯ ಲೆಕ್ಕವೂ ಅದೇ ತಾನೇ? ದಸರಾ ರಜೆಗೆ ಮುಂಚೆ ಎಷ್ಟಿದ್ದರು, ದೀಪಾವಳಿ ಕಳೆದು ಎಷ್ಟು ಉಳಿದರು. ಜೋಳದ ಹಿಟ್ಟು, ಹಂಚು, ಹಾಸಿಗೆ ಗಂಟು ಕಟ್ಟಿಕೊಂಡು ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸಿಗೆ ಕಾಯುವವರನ್ನು ನಾವೆಲ್ಲ ನೋಡಿದ್ದೇವೆ. ಸಣ್ಣ ಕೂಸು ನೋಡಿಕೊಳ್ಳಲು ದೊಡ್ಡ ಹುಡುಗಿ ಜೊತೆಗೇ ಹೋಗುತ್ತಾಳೆ. ಅವಳ ಹೆಸರು ಮಾತ್ರ ರಿಜಿಸ್ಟರಿನಲ್ಲಿ ಇಲ್ಲೇ ಇರುತ್ತದೆ.

ಬಿಸಿಯೂಟ ಈ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ನಮ್ಮ ಭಾಗದಲ್ಲೇ, 2002ರ ಜೂನಿನಲ್ಲಿ. ಮೊಟ್ಟೆಯೂ ಹಾಗೇ. 2021ರ ಡಿಸೆಂಬರಿನಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿ ಕೆಲವೇ ಜಿಲ್ಲೆಗೆ ಮೊದಲು ಬಂತು. ಆಗ ಬೇಕು-ಬೇಡ ಅಂತ ಎಷ್ಟು ಗದ್ದಲ! ನಿಮ್ಮೂರ ಅಡುಗೆಯಮ್ಮ ಅದನ್ನು ಎರಡೇ ಮಾತಿನಲ್ಲಿ ಮುಗಿಸಿದಳು: “ಒಂದು ಹೊತ್ತಿನ ಚಿಂತಿ ಇಲ್ಲ ಅಂದ್ರ ಅಜ್ಜಿ ಮೊಮ್ಮಗನ್ನ ಇಟ್ಕೊತಾಳ್ರಿ.”

ಈಗ ನಿಮ್ಮ ಪ್ರಶ್ನೆ. ಅಜ್ಜಿ ಎಸ್‌ಡಿಎಂಸಿಗೆ ಬರಬಹುದಾ? ನನ್ನ ಓದಿನ ಪ್ರಕಾರ ಬರಬಹುದು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ-ತಾಯಿ ಅಥವಾ ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಪೋಷಕರು ಅಂದರೆ ಯಾರು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಮಗುವನ್ನು ತನ್ನ ಹತ್ತಿರ ಇಟ್ಟುಕೊಂಡು ನೋಡಿಕೊಳ್ಳುವವರೂ ಪೋಷಕರೇ, ಕೋರ್ಟು ನೇಮಿಸಿದವರೇ ಆಗಬೇಕಿಲ್ಲ. ಹಾಗಾಗಿ ಮುಂದಿನ ಪೋಷಕರ ಸಭೆಯಲ್ಲಿ ಅಜ್ಜಿಯ ಹೆಸರು ಸೂಚಿಸಿ. ಯಾರಾದರೂ ಆಗಲ್ಲ ಅಂದರೆ ಆ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ. ಬಾಯಲ್ಲಿ ಆಗಲ್ಲ ಅನ್ನುವವರು ಬರಹದಲ್ಲಿ ಅಷ್ಟು ಬೇಗ ಅನ್ನುವುದಿಲ್ಲ.

ಕೇಳದ್ದನ್ನೂ ಒಂದು ಹೇಳುತ್ತೇನೆ. ಗುಳೆಯಿಂದ ನಡು ವರ್ಷದಲ್ಲಿ ವಾಪಸ್ ಬಂದ ಮಗುವನ್ನು “ಈಗ ಆಗಲ್ಲ, ಜೂನಿಗೆ ಬಾ” ಅಂತ ಕಳಿಸುವ ಹಾಗಿಲ್ಲ. ಮಂಗಳೂರಿನಲ್ಲೇ ಇರುವ ಮಗುವಿಗೂ ಅಲ್ಲಿಯ ಸರ್ಕಾರಿ ಶಾಲೆ ಬಾಗಿಲು ತೆರೆಯಲೇಬೇಕು. ಟಿಸಿ ಬರುವುದು ತಡವಾಯಿತು ಅನ್ನುವುದು ಕಾರಣ ಆಗುವುದಿಲ್ಲ ಅಂತ 5ನೇ ಸೆಕ್ಷನ್ನಿನಲ್ಲಿ ಇದೆ. ಇದನ್ನು ಹೋಗುವವರಿಗೆ ಬಸ್ ಹತ್ತುವ ಮುಂಚೆ ಹೇಳಿ.

ಮಾಸ್ತರರ ಹೆಸರು ಹಾಕುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ. ನಾನು ವಿಚಾರಿಸಿದೆ. ಅವರು ವಾರದಲ್ಲಿ ಮೂರು ದಿನ ಪಕ್ಕದ ಊರಿನ ಶಾಲೆಗೆ ನಿಯೋಜನೆ ಮೇಲೆ ಹೋಗುತ್ತಿದ್ದಾರೆ, ಅಲ್ಲಿ ಬೇರೆ ಮಾಸ್ತರರೇ ಇಲ್ಲ. ನಿಮ್ಮೂರಲ್ಲಿ ಇದನ್ನು ಯಾರೂ ನಿಮಗೆ ಹೇಳಿಲ್ಲ, ಅದು ಹೇಳಬೇಕಾದವರ ತಪ್ಪು. “ಎರಡು ಶಾಲೆಗೆ ಒಬ್ಬರೇ ಮಾಸ್ತರರು” ಅಂತ ಬರೆದುಕೊಡಿ, ಅದನ್ನು ಹಾಕುತ್ತೇನೆ.

ಹಾಗೇ ಎರಡನೇ ಚೀಟಿಯಲ್ಲಿ ನೀವು ಬರೆದ ಹುಡುಗಿಯರ ಹೆಸರೂ ಬೇಡ. ಹತ್ತಿ ಕ್ರಾಸಿಂಗಿಗೆ ಹೋಗುವವರು. ಪೇಟೆಯ ಓದುಗರಿಗೆ ಗೊತ್ತಿರಲಿಕ್ಕಿಲ್ಲ: ಬೀಜದ ಹತ್ತಿಯಲ್ಲಿ ಇವತ್ತು ಮೊಗ್ಗಿನ ಸಿಪ್ಪೆ ಬಿಡಿಸಿ ಇಟ್ಟು, ನಾಳೆ ಬೆಳಿಗ್ಗೆ ಗಂಡು ಹೂವಿನ ಪುಡಿಯನ್ನು ಒಂದೊಂದಕ್ಕೂ ತಾಗಿಸಬೇಕು. ಬೆಳಿಗ್ಗೆಯೇ ಆಗಬೇಕು, ಅಂದರೆ ಶಾಲೆಯ ಹೊತ್ತಿಗೇ. ಸಣ್ಣ ಬೆರಳು ಚುರುಕು ಅಂತ ಮಕ್ಕಳನ್ನು ಕರೆಯುತ್ತಾರೆ. 14ರ ಒಳಗಿನ ಮಕ್ಕಳು ಶಾಲೆಯ ಹೊತ್ತು ಮುಗಿದ ಮೇಲೆ ಸ್ವಂತ ಮನೆಯ ಕೆಲಸಕ್ಕೆ ಕೈ ಹಚ್ಚಬಹುದು. ಇನ್ನೊಬ್ಬರ ಹೊಲದ ಕೂಲಿಗೆ ಅಲ್ಲ. ಸುದ್ದಿ ಹಾಕೋಣ, ಆದರೆ ಹೆಸರು ಹಾಕಿದರೆ ನಾಳೆ ಊರಲ್ಲಿ ಬೈಸಿಕೊಳ್ಳುವುದು ಆ ಹುಡುಗಿಯರೇ, ಕರೆದವರಲ್ಲ.

ಮುಂದಿನ ತಿಂಗಳಿಂದ ಪುಟದ ಅರ್ಧ ನಿಮ್ಮಂಥವರದು. ಮಾಸ್ತರರಿಂದ ಈ ಅರ್ಧಕ್ಕೆ ಸುದ್ದಿ ತೆಗೆದುಕೊಳ್ಳುವುದಿಲ್ಲ, ಅವರನ್ನು ಕಷ್ಟಕ್ಕೆ ಸಿಕ್ಕಿಸುವುದು ಸಾಕು. ಎಸ್‌ಡಿಎಂಸಿಯವರಿಗೆ ಶಾಲೆಯ ಲೆಕ್ಕ ಕೇಳುವ ಹಕ್ಕಿದೆ, ನೋಟಿಸ್ ಕೊಡಲು ಅವರು ನೌಕರರಲ್ಲ. ಫೋಟೊ ಇಲ್ಲದಿದ್ದರೂ ನಡೆಯುತ್ತದೆ. ಉಳಿದ ಅರ್ಧದಲ್ಲಿ ಶಾಲು ಇರುತ್ತದೆ. ನಾನೂ ಕಾಗದ ಕೊಳ್ಳಬೇಕಲ್ಲ.

ಮೊದಲು ನಿಮ್ಮ ಮೊದಲ ಚೀಟಿಯೇ ಬರುತ್ತದೆ. ಸಭೆ ನಡೆಯದೇ ನಡವಳಿ ಪುಸ್ತಕ ಮನೆಗೆ ಬರುತ್ತಿದ್ದದ್ದು, ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ನೀವು ಸಹಿ ಮಾಡುತ್ತಿದ್ದದ್ದು, ಒಂದು ದಿನ “ಪುಸ್ತಕ ಬರೋದು ಬ್ಯಾಡ, ನಾವೇ ಬರ್ತೀವಿ” ಅಂದದ್ದು. ಈಗ ಹೊಲದಿಂದ ಬಂದ ಮೇಲೆ ಸಂಜೆ ಏಳಕ್ಕೆ ಶಾಲೆಯ ಲೈಟಿನ ಕೆಳಗೆ ಸಭೆ ಕೂಡುತ್ತೀರಿ ಅಂತ ಬರೆದಿದ್ದೀರಿ. ಒಂದಕ್ಷರ ತಿದ್ದಿಲ್ಲ.

ಮೂರನೇ ಚೀಟಿಯಲ್ಲಿ ಒಂದು ಅನುಮಾನ ಉಳಿದಿದೆ. ಅಜ್ಜಿಯರ ಹತ್ತಿರ ಉಳಿದ ಮಕ್ಕಳು ಎಷ್ಟು? ಕನ್ನಡ ಅಂಕಿಯಲ್ಲಿ ಬರೆದಿದ್ದೀರಿ, ಅಲ್ಲೇ ಒಂದು ಹನಿ ನೀರು ಬಿದ್ದಿದೆ. ಅದು ೬ ಆ, ೯ ಆ? ನಾನು ಮತ್ತು ಪುಟ ಕಟ್ಟುವ ಹುಡುಗ ಕಾಗದವನ್ನು ಕಿಟಕಿಗೆ ಹಿಡಿದು ನೋಡಿದೆವು. ಅವನು ಆರು ಅನ್ನುತ್ತಾನೆ, ನಾನು ಒಂಬತ್ತು. ಗುರುವಾರದೊಳಗೆ ಫೋನ್ ಮಾಡಿ ಹೇಳಿ, ಪುಟ ಅವತ್ತು ಪ್ರೆಸ್ಸಿಗೆ ಹೋಗುತ್ತದೆ.

– ಸಂಪಾದಕ