ಐಸ್ ನೀರಿನಲ್ಲಿ ಕೈ ಇಡಿಸ್ತಾರಂತೆ, ಮಗಳನ್ನು ಕಳಿಸಲಾ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಬಳ್ಳಾರಿಯಲ್ಲಿ ಎಂಬಿಬಿಎಸ್ ಮೊದಲ ವರ್ಷ ಓದುತ್ತಿದ್ದಾಳೆ. ಯಾವುದೋ ಸಂಶೋಧನೆಗೆ ಅಂತ ಹೆಸರು ಕೊಟ್ಟಿದ್ದಾಳೆ. ಮೈಗೆ ವೈರ್ ಹಾಕ್ತಾರಂತೆ, ಐಸ್ ನೀರಿನಲ್ಲಿ ಕೈ ಇಡಿಸ್ತಾರಂತೆ, ನರದ ಪರೀಕ್ಷೆಯಂತೆ. ಕರೆಂಟ್ ಕೊಡ್ತಾರಾ? ಬೇಡ ಅಂತ ಹೇಳಿಬಿಡಲಾ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಬೇಡ ಅನ್ನುವ ಮುಂಚೆ ಇದನ್ನೊಮ್ಮೆ ಓದಿ ಅಮ್ಮ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಆ ವೈರ್ ಇಸಿಜಿಯದ್ದು. ಹೃದಯದಲ್ಲೇ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಬರೆದುಕೊಳ್ಳುತ್ತದೆ, ಅಷ್ಟೇ. ಅಂಗೈ ಬೆವರು ಅಳೆಯಲು ಬೆರಳಿಗೆ ಪಟ್ಟಿ ಕಟ್ಟಿದರೆ ಮಾತ್ರ ತೀರಾ ಸಣ್ಣ ಕರೆಂಟ್ ಹರಿಯುತ್ತದೆ, ಅದು ಗೊತ್ತೂ ಆಗುವುದಿಲ್ಲ.

ನಾವು ಹೇಳದೆಯೇ ಎದೆಬಡಿತ, ಬಿಪಿ, ಬೆವರು ನೋಡಿಕೊಳ್ಳುವ ನರಗಳಿವೆ. ಸಿಂಪಥೆಟಿಕ್ ಗುಂಪು ಓಡಿಸುತ್ತದೆ, ಪ್ಯಾರಾಸಿಂಪಥೆಟಿಕ್ ಬ್ರೇಕ್ ಹಾಕುತ್ತದೆ. ಆ ಬ್ರೇಕ್ ನಿಮಗೂ ಈಗಲೇ ಗೊತ್ತಾಗುತ್ತದೆ ನೋಡಿ. ನಾಡಿ ಹಿಡಿದುಕೊಂಡು 5 ಸೆಕೆಂಡ್ ಉಸಿರು ಎಳೆಯಿರಿ, 5 ಸೆಕೆಂಡ್ ಬಿಡಿ. ಎಳೆಯುವಾಗ ಬಡಿತ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಲ್ಯಾಬಿನಲ್ಲಿ ಮಾಡುವುದೂ ಇದನ್ನೇ, ನಿಮಿಷಕ್ಕೆ 6 ಉಸಿರು. ಜಾಸ್ತಿ ಮತ್ತು ಕಡಿಮೆ ಬಡಿತದ ನಡುವೆ ನಿಮಿಷಕ್ಕೆ 15 ಅಥವಾ ಹೆಚ್ಚು ವ್ಯತ್ಯಾಸ ಇದ್ದರೆ ಬ್ರೇಕ್ ಚೆನ್ನಾಗಿದೆ ಅಂತ ಲೆಕ್ಕ. ಹೃದಯ ಗಡಿಯಾರದ ಹಾಗೆ ಒಂದೇ ಸಮ ಬಡಿಯಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಹರೆಯದ ಮಕ್ಕಳಲ್ಲಿ ಈ ಏರಿಳಿತ ಇದ್ದರೇ ಒಳ್ಳೆಯದು.

ಐಸ್ ನೀರಿನದು ಓಡಿಸುವ ಗುಂಪಿನ ಪರೀಕ್ಷೆ. ಮಣಿಕಟ್ಟಿನವರೆಗೆ ಕೈ ಮುಳುಗಿಸಿ ಸುಮಾರು ಒಂದು ನಿಮಿಷ ಇಡುತ್ತಾರೆ, ಬಿಪಿ ಎಷ್ಟು ಏರಿತು ನೋಡುತ್ತಾರೆ. ಕೈ ನೋಯುತ್ತದೆ, ಇಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ತೆಗೆದ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ನನಗೆ ಚಿಂತೆ ಬೇರೆಯದು. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿ, ಬೆಳಿಗ್ಗೆ ವಗ್ಗರಣಿ-ಮಿರ್ಚಿ ತಿಂದು, ಮೇಲೆ ಚಹಾ ಕುಡಿದು, ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದು ಹಾಗೇ ಮಲಗಿದರೆ ಬರುವ ಅಂಕಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಬೆವರಿನ ಪರೀಕ್ಷೆಯಂತೂ ಬಿಸಿಲಿಗೇ ಕೆಟ್ಟುಹೋಗುತ್ತದೆ. ತಂಪಾದ, ಗದ್ದಲ ಇಲ್ಲದ ಕೋಣೆ ಬೇಕು. ಮೊದಲು 10-15 ನಿಮಿಷ ಸುಮ್ನೆ ಮಲಗಿರಬೇಕು. ಅಂಕಿ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಕಾಯಿಲೆ ಅಂತ ಅವಳೂ ತಿಳಿಯಬಾರದು, ನೀವೂ ತಿಳಿಯಬಾರದು. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಮಕ್ಕಳಿಗೂ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ ಅಲ್ವಾ?

ಒಪ್ಪಿಗೆ ಪತ್ರ ಓದಿಯೇ ಸಹಿ ಹಾಕಲಿ. ಹಾಕಿದ ಮೇಲೂ ಯಾವಾಗ ಬೇಕಾದರೂ ಸಾಕು ಅನ್ನಬಹುದು, ಅದು ಅವಳ ಹಕ್ಕು. ಹೃದಯದ ತೊಂದರೆ, ಬಿಪಿ, ಅಥವಾ ಚಳಿಗೆ ಬೆರಳು ಬೆಳ್ಳಗಾಗುವ ತೊಂದರೆ ಇದ್ದರೆ ಐಸ್ ನೀರಿಗೆ ಕೈ ಇಡುವುದು ಬೇಡ, ಮೊದಲೇ ಹೇಳಿಬಿಡಲಿ.